ಬೇರೆ ಹ್ಯಾಲರನ್‌ಗೆ ಇಟ್ಟ ಹೂವು

ಬೆಳಗಿನ ಆರು ಗಂಟೆ. ನಾರ್ಮಂಡಿಯ ಕಡಲ ಮೇಲಿನ ಮಂಜು ಇನ್ನೂ ಸರಿದಿಲ್ಲ. ದಿಬ್ಬದ ಮೇಲಿರುವ ಅಮೆರಿಕನ್ ಸೈನಿಕರ ಸ್ಮಶಾನದಲ್ಲಿ ಸೊಲೆನ್ ಮಾರ್ಕ್ವೆರಿ ಮಂಡಿಯೂರಿ ಕೂತು, ಬಿಳಿ ಶಿಲುಬೆಯೊಂದರ ಮೇಲೆ ಕೊರೆದ ಅಕ್ಷರಗಳಿಗೆ ಹಸಿ ಮರಳು ತೀಡುತ್ತಿದ್ದಾರೆ. ಆ ಹುಡುಗರು ಯುದ್ಧಕ್ಕೆಂದು ಬಂದಿಳಿದ ಕೆಳಗಿನ ದಂಡೆಯಿಂದಲೇ ತಂದ ಮರಳು. ಮೇಲೆ ಒದ್ದೆ ಸ್ಪಂಜು ಆಡಿಸಿದರೆ ಕಲ್ಲು ಬೆಳ್ಳಗಾಗುತ್ತದೆ, ಹೆಸರು ಮಾತ್ರ ಹೊನ್ನಿನ ಬಣ್ಣದಲ್ಲಿ ಉಳಿಯುತ್ತದೆ. ಸತ್ತವನ ಮನೆಯವರು ಬರುವ ದಿನ ಇಷ್ಟು ಮಾಡುವುದು ಇಲ್ಲಿನ ಪದ್ಧತಿ. ಒಂದು ಮಳೆ ಬಂದರೆ ಎಲ್ಲ ತೊಳೆದುಹೋಗುತ್ತದೆ.

"ಕೇಕಿಗೆ ಸಕ್ಕರೆ ಹಚ್ಚೋ ಹಂಗೆ ಹಚ್ತೀಯಲ್ಲೇ ಮಾರಾಯ್ತಿ," ಎಂದು ಹುಲ್ಲು ಕತ್ತರಿಸುವ ಗಯೆತಾನ್ ಛೇಡಿಸುತ್ತಾರೆ.

"ನೀನು ಹುಲ್ಲು ನೋಡ್ಕೊಳಪ್ಪ. ಹೆಸರು ನನಗೆ ಬಿಡು."

ಅರವತ್ತೆರಡರ ಸೊಲೆನ್‌ಗೆ ಇಲ್ಲಿ ಇದು ಇಪ್ಪತ್ತೇಳನೇ ವರ್ಷ. ಸಮಾಧಿಗಳು ಒಂಬತ್ತು ಸಾವಿರದ ಮೇಲೆ. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕೈದು ಕುಟುಂಬ, ಚಳಿಗಾಲದಲ್ಲಿ ವಾರಕ್ಕೊಂದು ಬಂದರೆ ಹೆಚ್ಚು. ಮಂಡಿ ಎರಡೂ ಸವೆದಿವೆ. ಬಂದವರು ಕಡಲು ನೋಡುತ್ತಾರೆ, ಶಿಲುಬೆಗಳ ಸಾಲು ನೋಡುತ್ತಾರೆ. ಬಕೆಟ್ ಹಿಡಿದವಳನ್ನು ಯಾರು ನೋಡಬೇಕು?

ಒಂದು ಸಮಾಧಿ ಮಾತ್ರ ಅವರಿಗೆ ಕೆಲಸವಲ್ಲ, ಮನೆಯದು. ೧೯೪೪ರ ಜೂನ್‌ನಲ್ಲಿ ಅಜ್ಜಿ ಅಲ್ಫೋನ್ಸಿನ್ ಅವರ ತೋಟದ ಬೇಲಿಯ ಬಳಿ ಒಬ್ಬ ಸೈನಿಕ ಪ್ರಾಣ ಬಿಟ್ಟ. ಅಜ್ಜಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರಂತೆ. ಅಲ್ಲೇ ಹೂಳಿದರು. ಗುಂಡಿಯ ಮೇಲೆ ನೆಟ್ಟ ಹಲಗೆಯಲ್ಲಿ ಬರೆದ 'ಹ್ಯಾಲರನ್' ಎಂಬ ಮನೆತನದ ಹೆಸರು ಬಿಟ್ಟರೆ ಅವನ ಬಗ್ಗೆ ಏನೂ ಗೊತ್ತಿರಲಿಲ್ಲ. ಮೂರು ವರ್ಷದ ಮೇಲೆ ಅಮೆರಿಕದ ಸೇನೆಯವರು ಊರೂರಿನ ಹೆಣಗಳನ್ನೆಲ್ಲ ತೆಗೆದು ಸಾಗಿಸಿದರು. ದಿಬ್ಬದ ಮೇಲೆ ಹ್ಯಾಲರನ್ ಎಂಬ ಕಲ್ಲು ಕಂಡದ್ದೇ ತಡ, ಅಜ್ಜಿಗೆ ತಮ್ಮ ಹುಡುಗ ಸಿಕ್ಕಂತಾಯಿತು. ಅಂದಿನಿಂದ ಪ್ರತಿ ಭಾನುವಾರ ಚರ್ಚಿನಿಂದ ನೇರ ಅಲ್ಲಿಗೆ, ಕೈಯಲ್ಲಿ ಹಿತ್ತಲ ಹೂವು. ಅಜ್ಜಿಯ ನಂತರ ಅಮ್ಮ, ಅಮ್ಮನ ನಂತರ ಸೊಲೆನ್.

ಎರಡು ವರ್ಷದ ಹಿಂದೆ ಆ ಸಮಾಧಿಗೆ ಮೊದಲ ಸಲ ಮನೆಯವರು ಬರುವ ಸುದ್ದಿ ಬಂತು. ಸೊಲೆನ್ ಸಂಭ್ರಮದಿಂದ ಹಳೆಯ ಕಡತ ತೆಗೆಸಿ ನೋಡಿದರೆ ಅಲ್ಲಿದ್ದದ್ದೇ ಬೇರೆ. ತೋಟದ ಹ್ಯಾಲರನ್‌ನನ್ನು ಅವನ ತಾಯಿಯ ಕೋರಿಕೆಯಂತೆ ೧೯೪೭ರಲ್ಲೇ ಹಡಗಿನಲ್ಲಿ ಅಮೆರಿಕದ ಅಯೋವಾ ರಾಜ್ಯಕ್ಕೆ ಕಳಿಸಿಯಾಗಿತ್ತು. ಇಲ್ಲಿ ಮಲಗಿರುವವನು ಒಹಾಯೊ ರಾಜ್ಯದ ಬೇರೆ ಹ್ಯಾಲರನ್.

"ಮೂರು ದಿನ ಊಟ ಸೇರ್ಲಿಲ್ಲ," ಎನ್ನುತ್ತಾರೆ ಸೊಲೆನ್. "ಬರ್ತಿರೋದು ಅವನ ಸ್ವಂತ ತಂಗಿ, ಎಂಬತ್ತಾರು ವರ್ಷ. ಅಣ್ಣಂಗೆ ಹೂವಿಡ್ತಿದ್ದೋರು ಯಾರು ಅಂತ ಕೇಳೇ ಕೇಳ್ತಾರೆ. ಸುಮ್ನೆ ಇದ್ಬಿಡೋಣ ಅನ್ನಿಸ್ತು. ಆದ್ರೆ ಆ ಕಲ್ಲಿನ ಮುಂದೆ ನಿಂತು ಸುಳ್ಳು ಹೇಳೋದು ಹೆಂಗೆ?"

ಹೇಳಿಬಿಟ್ಟರು. ಡೊರೀನ್ ಎಂಬ ಆ ಹಿರಿಯರು ಅಣ್ಣನ ಹೆಸರಿನ ಮೇಲೆ ಕೈಯಿಟ್ಟು ಎಲ್ಲ ಕೇಳಿಸಿಕೊಂಡರು.

"ಆಮೇಲೆ ಅಂದ್ರು, 'ನಮ್ಮಮ್ಮಂಗೆ ಸಾಯೋವರೆಗೂ ಒಂದೇ ಕೊರಗು, ಅಷ್ಟು ದೂರದಲ್ಲಿ ನನ್ನ ಮಗನ ಹತ್ರ ಯಾರೂ ಇಲ್ವಲ್ಲ ಅಂತ. ಇದ್ರಲ್ಲಮ್ಮ, ನೀವಿದ್ರಿ.' ನಾನು ಅತ್ತೇಬಿಟ್ಟೆ."

ಆದರೂ ಅಜ್ಜಿಯ ಹೂವು ಸೇರಬೇಕಾದವನಿಗೆ ಸೇರಲಿಲ್ಲವಲ್ಲ ಎಂಬ ನೋವು ಸೊಲೆನ್‌ಗೆ ಉಳಿದೇ ಇತ್ತು. ಅದನ್ನೂ ಡೊರೀನ್ ಬಳಿ ಹೇಳಿಕೊಂಡಿದ್ದರು. ಮೊನ್ನೆ ಅಂಚೆಯಲ್ಲಿ ಒಂದು ಫೋಟೊ ಬಂದಿದೆ. ಅಯೋವಾದ ಯಾವುದೋ ಹಳ್ಳಿಯಲ್ಲಿ, ತೋಟದ ಹ್ಯಾಲರನ್‌ನ ಸಮಾಧಿಯ ಮುಂದೆ ಊರುಗೋಲು ಹಿಡಿದು ನಿಂತ ಡೊರೀನ್, ಕಾಲ ಬಳಿ ಒಂದು ಹಿಡಿ ಹೂವು. ಹಿಂಬದಿಯಲ್ಲಿ ಅವರದೇ ಕೈಬರಹ: 'ಅಲ್ಫೋನ್ಸಿನ್ ಅವರ ಪರವಾಗಿ.'

ಸೊಲೆನ್ ಕೈಯನ್ನು ಏಪ್ರನ್‌ಗೆ ಒರೆಸಿಕೊಂಡೇ ಆ ಫೋಟೊ ಹೊರತೆಗೆಯುತ್ತಾರೆ.

"ಈ ವಯಸ್ಸಲ್ಲಿ ಬಸ್ ಹತ್ಕೊಂಡು ಹೋಗಿದಾರೆ ನೋಡಿ. ಅಜ್ಜಿ ಇದ್ದಿದ್ರೆ, ಇಷ್ಟು ತಡ ಯಾಕೆ ಮಾಡಿದ್ಯೇ ಅಂತ ನನ್ನನ್ನೇ ಬೈದಿರೋಳು. ಬೈಲಿ ಬಿಡಿ. ಹೂವು ಮನೆ ಮುಟ್ತಲ್ಲ."