ನಿಧಾನವಾಗಿ ಓಡುತ್ತಿದ್ದ ಟೇಪ್ ರೆಕಾರ್ಡರ್

ಹೋದ ವಾರ ಹಳೆಯ ಟೇಪ್ ರೆಕಾರ್ಡರಿನ ಹಿಂಬದಿ ಬಿಚ್ಚಿದೆ. ಒಳಗಿನ ರಬ್ಬರ್ ಬೆಲ್ಟ್ ಕರಗಿ, ಕಾಡಿಗೆಯ ಹಾಗೆ ಬೆರಳಿಗೆ ಮೆತ್ತಿಕೊಂಡಿತು. ಆ ವಾಸನೆಗೆ ಆರ್.ಎಸ್. ಪುರಂನಲ್ಲಿ ನಮ್ಮ ಮನೆಯ ಮಹಡಿಯ ಮೇಲಿದ್ದ ಮಾವ ನೆನಪಾದರು...

ಮಾವ ನಮಗೆ ಸಂಬಂಧಿಯಲ್ಲ. ಆ ತಮಿಳು ಬೀದಿಯಲ್ಲಿ ಮನೆಯೊಳಗೆ ಕನ್ನಡ ಆಡುತ್ತಿದ್ದವರು ಅವರೂ ನಾವೂ ಮಾತ್ರ, ಅಷ್ಟು ನಂಟು ಸಾಕಾಗಿತ್ತು. ಪೀಳಮೇಡಿನ ಪಂಪ್ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿದ್ದವರು. ಅಳೆಯದೆ ಯಾವುದನ್ನೂ ನಂಬುವ ಆಸಾಮಿಯಲ್ಲ. ಯಾರಾದರೂ ತಮ್ಮ ಸ್ಪೀಕರ್ ಸೊಗಸಾಗಿದೆ ಎಂದರೆ, "ಸೊಗಸಿಗೆ ಯೂನಿಟ್ ಏನಪ್ಪಾ?" ಎಂದು ಕಾಲೆಳೆಯುತ್ತಿದ್ದರು.

ಅವರ ಹೆಂಡತಿ, ಅಂದರೆ ಅತ್ತೆ, ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ಉಳಿದದ್ದು ಒಂದು ಕ್ಯಾಸೆಟ್. ಮಾವ ಇದೇ ಟೇಪ್ ರೆಕಾರ್ಡರಿನಲ್ಲಿ ಹಾಡಿ ರೆಕಾರ್ಡ್ ಮಾಡಿಕೊಳ್ಳುವಾಗ ಅತ್ತೆ ನಡುವೆ ಬಾಯಿ ಹಾಕಿದ್ದರು: "ಏನ್ರೀ, ಸತ್ತಂ ಕಮ್ಮಿ ಮಾಡ್ರೀ, ಕೆಳಗಿನ ಮನೆ ಕೂಸು ಮಲಗಿದೆ." ತಮಿಳಿನ ಸತ್ತಂ ಎಂದರೆ ಸದ್ದು. ಮೈಸೂರಿನ ನೆಂಟರೊಬ್ಬರು ಅದನ್ನು ಕೇಳಿ, ಸತ್ತದ್ದು ಯಾರು ಎಂದು ಗಾಬರಿಯಾಗಿದ್ದರು. ಆ ಕೂಸು ನಾನು.

ನಿವೃತ್ತರಾದ ಮೇಲೆ ಮಾವ ಒಳ್ಳೆಯ ಕ್ಯಾಸೆಟ್ ಡೆಕ್ ತಂದು ಮೀಟರ್ ಹಚ್ಚಿ ಅಳೆದರು. ಎಲ್ಲ ಕರಾರುವಾಕ್ಕು. ಕ್ಯಾಸೆಟ್ ಹಾಕಿದರೆ ಯಾವಳೋ ಹುಡುಗಿಯ ಕೀರಲು ದನಿ. "ಇದು ಅವಳಲ್ಲಮ್ಮಾ..." ಎಂದು ಮಾವ ಪೆಚ್ಚಾದರು. ಆಮೇಲೆ ಹಳೆಯದನ್ನೂ ಅಳೆದರು. ಅದು ಮೊದಲಿಂದಲೂ ನಿಧಾನವಾಗಿ ಓಡುತ್ತಿತ್ತು. ನಿಧಾನದಲ್ಲಿ ಹಿಡಿದ ದನಿಯನ್ನು ಅದೇ ನಿಧಾನದಲ್ಲಿ ನುಡಿಸಿದರೆ ಮಾತ್ರ ಅತ್ತೆ ಅತ್ತೆಯಾಗುತ್ತಿದ್ದರು. ಕಾರಣ ಕೊಟ್ಟದ್ದು ಮೀಟರೇ ಎಂದು ಮಾವನಿಗೆ ಹೆಮ್ಮೆ. "ಮಿಷಿನ್ ಸರಿಯಾಂತ ಮೀಟರ್ ಹೇಳುತ್ತೆ. ಇದು ಅವಳೇಂತ ನಾನ್ ತಾನೇ ಹೇಳ್ಬೇಕು?" ಎಂದು ನಕ್ಕರು.

ಮಾವ ಹೋದ ಮೇಲೆ ಹಳೆಯ ರೆಕಾರ್ಡರ್, ಕ್ಯಾಸೆಟ್ ಎರಡೂ ನನ್ನ ಪಾಲಿಗೆ ಬಂದವು. ಮೊನ್ನೆ ಬೆಲ್ಟ್ ಹಾಕಿಸಲು ರಿಪೇರಿ ಅಂಗಡಿಗೆ ಕೊಟ್ಟೆ. "ಸ್ಪೀಡ್ ಸ್ಲೋವಾ ಇರುಂದುಚ್ಚು ಮೇಡಂ, ಕರೆಕ್ಟಾ ವೆಚ್ಚುಟ್ಟೇನ್" ಎಂದ ಅಂಗಡಿಯವನು. ನಿಧಾನವಿದ್ದ ವೇಗವನ್ನು ಕೇಳದೆಯೇ ಸರಿಮಾಡಿದ್ದ! ಉಪಕಾರ ಮಾಡಿದವನನ್ನು ಬೈಯುವುದು ಹೇಗೆ?

ಮನೆಗೆ ತಂದು ಹಾಕಿದೆ. ಕೂಸು ಮಲಗಿದೆ ಎನ್ನುತ್ತಿದ್ದಾಳೆ ಆ ಕೀರಲು ಹುಡುಗಿ. ಎಷ್ಟು ನಿಧಾನ ಎಂಬ ಅಂಕಿಯನ್ನು ಮಾವ ಹೇಳಿದ್ದರು, ನನಗೆ ನೆನಪಿಲ್ಲ... ಮೋಟಾರಿನ ತಿರುಪನ್ನು ತುಸು ತಿರುಗಿಸಿದೆ, ಅತ್ತೆಯೆನಿಸಿತು. ಇನ್ನೂ ತುಸು ತಿರುಗಿಸಿದೆ, ಅದೂ ಅತ್ತೆಯೇ ಎನಿಸಿತು. ನಾನು ಕೇಳಿ ಬೆಳೆದದ್ದು ಟೇಪನ್ನು, ಅತ್ತೆಯನ್ನಲ್ಲ. ಸ್ಕ್ರೂಡ್ರೈವರ್ ಹಿಡಿದು ಕುಳಿತೇ ಇದ್ದೇನೆ. ಸಾಕು, ಇದೇ ಅವಳು ಎನ್ನಲು ಮಹಡಿಯಲ್ಲಿ ಯಾರೂ ಇಲ್ಲ.