ಹಸೆಯ ಮುಂದೆ ಎರಡು ಕುರ್ಚಿ

ನಮ್ಮ ಹೈಸ್ಕೂಲಿನಲ್ಲಿ ಚಿತ್ರಕಲೆಯ ಅವಧಿಯೆಂದರೆ ಬಸ್ಸಿನ ಕಿಟಕಿ ಪಕ್ಕದ ಸೀಟು. ಮೊದಲು ಟವೆಲ್ ಹಾಕಿದವರದ್ದು. ಸೋಮವಾರ ಗಣಿತದ ಮಾಸ್ತರರು ಹಾಕುತ್ತಿದ್ದರು, ಗುರುವಾರ ವಿಜ್ಞಾನದವರು. ಇಬ್ಬರೂ ಸಜ್ಜನರು, ಕೇಳದೆ ತೆಗೆದುಕೊಂಡವರಲ್ಲ. ‘ಇವತ್ತೊಂದು ದಿನ’ ಎಂದು ಕೇಳಿ ಕೇಳಿಯೇ ಮೂರು ವರ್ಷ ತೆಗೆದುಕೊಂಡರು. ಕೊನೆಗೆ ಕೇಳುವ ಶ್ರಮವಾದರೂ ಯಾಕೆಂದು ಹೆಡ್‌ಮಾಸ್ತರರು ವೇಳಾಪಟ್ಟಿಯಲ್ಲೇ ನನ್ನ ಎರಡು ಅವಧಿಗಳ ಮೇಲೆ ‘ವಿಶೇಷ ತರಗತಿ’ ಎಂಬ ಬಿಳಿ ಚೀಟಿ ಅಂಟಿಸಿದರು.

ಹಾಗೆಂದು ನಾನು ಸುಮ್ಮನೆ ಕೂತು ಸಂಬಳ ತಿನ್ನುತ್ತಿದ್ದೆ ಎಂದುಕೊಳ್ಳಬೇಡಿ. ಶಾಲೆಯ ಬ್ಯಾನರು ನಾನೇ ಬರೆಯಬೇಕು, ಪ್ರಮಾಣಪತ್ರದಲ್ಲಿ ಹೆಸರು ನಾನೇ ತುಂಬಬೇಕು. ಯಾರೇ ಬರಲಿ, ಗೇಟಿನ ಎದುರು ರಂಗೋಲಿ ಹಾಕಬೇಕು. ಬಿಸಿಯೂಟದ ಬೋರ್ಡಿನ ಮೇಲೆ ಸಾರು, ಪಲ್ಯ ಎಂದು ದುಂಡಗೆ ಬರೆಯಬೇಕು. ವಿಜ್ಞಾನದವರು ಒಮ್ಮೆ ತುಂಬ ಪ್ರೀತಿಯಿಂದ, ಚಿತ್ರವೇ ಬರೆಸಬೇಕೆಂದಿದ್ದರೆ ಹೃದಯದ ಚಿತ್ರ ಬರೆಸಿ, ಅದಕ್ಕೆ ಮಾರ್ಕ್ಸ್ ಇದೆ ಎಂದು ಸಲಹೆ ಕೊಟ್ಟರು. ನಮ್ಮ ಹತ್ತನೇ ತರಗತಿಯ ಮಕ್ಕಳು ಹೃದಯದ ನಾಲ್ಕೂ ಕೋಣೆಗಳನ್ನು ಕಣ್ಣು ಮುಚ್ಚಿ ಬರೆಯುತ್ತಾರೆ. ಮನೆಯ ದನವೊಂದನ್ನು ಬರೆಯಿರಿ ಎಂದರೆ ನಾಯಿಗೆ ಕೋಡು ಮೂಡಿಸುತ್ತಾರೆ.

ನಮ್ಮ ಮನೆ ಸಿರ್ಸಿಯಲ್ಲಿ. ಜೊತೆಗಿರುವ ಅತ್ತೆಗೆ ಮೊದಲಿನಿಂದಲೂ ನನ್ನ ನೌಕರಿಯ ಬಗ್ಗೆ ಸೋಜಿಗ. ದಿನಾ ಬೆಳಗ್ಗೆ ನಾನು ಸಿದ್ದಾಪುರದ ಬಸ್ಸಿಗೆ ಓಡುವುದನ್ನು ನೋಡಿ, “ಚಿತ್ರ ಬರಸಲೂ ಸರ್ಕಾರ ಸಂಬಳ ಕೊಡ್ತಡ” ಎಂದು ಪಕ್ಕದ ಮನೆಯವರಿಗೆ ಹೇಳುತ್ತಿದ್ದರು. ಅದರಲ್ಲಿ ದೂರು ಇರಲಿಲ್ಲ, ಸರ್ಕಾರದ ಬಗ್ಗೆ ಕನಿಕರ ಇತ್ತು.

ನನ್ನ ಪಾಠವೂ ಅಂಥ ಘನವಾದದ್ದೇನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅವಧಿ ಕೈಗೆ ಸಿಕ್ಕಿದ್ದ ಕಾಲದಲ್ಲಿ ನಾನು ಬರೆಸಿದ್ದು ಎರಡು ಬೋಳು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಹೊಳೆ. ಕಿಟಕಿಯಾಚೆ ಕಾಡು ಗೋಡೆಗೆ ತಾಗಿಕೊಂಡೇ ಇತ್ತು, ನಾವು ಅದಕ್ಕೆ ಬೆನ್ನು ಹಾಕಿ ಕೂತು ಮರವಿಲ್ಲದ ಗುಡ್ಡಕ್ಕೆ ನೇರಳೆ ಬಣ್ಣ ತುಂಬುತ್ತಿದ್ದೆವು. ಇಲ್ಲಿಗೆ ಬರುವ ಮೊದಲು ಮಂಚಿಕೇರಿ ಕಡೆಯ ಶಾಲೆಯಲ್ಲಿದ್ದಾಗಲೂ ಇದೇ ಗುಡ್ಡ, ಇದೇ ಸೂರ್ಯ.

ಒಂಬತ್ತನೇ ತರಗತಿಯಲ್ಲಿ ಮನ್ಮನೆ ಕಡೆಯಿಂದ ಬರುವ ಹುಡುಗಿಯೊಬ್ಬಳಿದ್ದಳು. ಗದ್ದೆ, ಒಂದಿಷ್ಟು ತೋಟ ಇರುವ ಮನೆ. ಅವಳ ಎಲ್ಲ ನೋಟುಬುಕ್ಕಿನ ಅಂಚಿನಲ್ಲೂ ಗೆರೆಗಳು. ಒಂದರ ಪಕ್ಕ ಒಂದು, ಕೂದಲೆಳೆಯಷ್ಟು ಅಂತರ, ಸ್ಕೇಲು ಮುಟ್ಟಿಸದೆ. ಅವಳ ಅವ್ವ ಊರಿನ ಮದುವೆ ಮನೆಗಳಲ್ಲಿ ಗೋಡೆಗೆ ಚಿತ್ತಾರ ಬರೆಯುವ ಹೆಂಗಸು ಎಂದು ಆಮೇಲೆ ತಿಳಿಯಿತು. ಹುಡುಗಿಗೆ ಡ್ರಾಯಿಂಗ್ ಪರೀಕ್ಷೆಗೆ ಕೂರಬೇಕು, ಮುಂದೆ ಚಿತ್ರವನ್ನೇ ಓದಬೇಕು ಎಂಬ ಆಸೆ. ಅಪ್ಪ ಬೇಡ ಎನ್ನಲಿಲ್ಲ. ಆದರೆ ಶಾಲೆಯ ಟೈಂಟೇಬಲ್ಲಿನಲ್ಲೇ ಇಲ್ಲದ ಪಾಠಕ್ಕೆ ಪರೀಕ್ಷೆ ಕಟ್ಟುವುದೆಂದರೇನು, ಮೊದಲು ಶಾಲೆಯವರು ಕಲಿಸಲಿ, ಆಮೇಲೆ ನೋಡೋಣ ಎಂದನಂತೆ. ಆ ಮಾತಿನಲ್ಲಿ ನನಗೆ ತಪ್ಪು ಹುಡುಕಲಾಗಲಿಲ್ಲ. ಆ ವಾರವಿಡೀ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಪಿರಿಯಡ್ ವಾಪಸ್ ಬರ್ತದಾ ಅಕ್ಕೋರೆ ಎಂದು ಕೇಳುತ್ತಿದ್ದಳು.

ನಾನು ಹೆಡ್‌ಮಾಸ್ತರರ ಬಳಿ ಹೋದೆ. ಅವರು ಹಾವೇರಿ ಕಡೆಯವರು, ಮಾತು ಒರಟು, ಮನುಷ್ಯ ಒಳ್ಳೆಯವರು. ಮುಂದಿನ ತಿಂಗಳು ಮೇಲಿನ ಅಧಿಕಾರಿಯೊಬ್ಬರು ಶಾಲೆ ನೋಡಲು ಬರುವುದಿತ್ತು. ಹೆಡ್‌ಮಾಸ್ತರರಿಗೆ ಅದೊಂದೇ ಧ್ಯಾನ.

“ಮೇಡಮ್ಮಾರ, ಸಾಹೇಬ್ರು ಬರೂದ್ರೊಳಗ ಆ ಜಗಲಿ ಗ್ವಾಡಿ ಮ್ಯಾಲ ನಮ್ಮ ಸಂಸ್ಕೃತಿ ಬರದ್ ಬಿಡ್ರಿ. ನಿಮ್ಮ ಪಿರಿಯಡ್ ನಿಮಗ” ಎಂದರು.

ಒಪ್ಪಂದವಾಯಿತು. ಸಂಸ್ಕೃತಿ ಎಂದರೆ ಯಾವುದು ಎಂದು ಯೋಚಿಸಿ, ಈ ಕಡೆಯ ಚಿತ್ತಾರವೇ ಸರಿ ಎಂದುಕೊಂಡೆ. ಮೊಬೈಲಿನಲ್ಲಿ ಹುಡುಕಿ ಇದ್ದದ್ದರಲ್ಲೇ ಅತಿ ದೊಡ್ಡದನ್ನು ಆರಿಸಿದೆ. ದೊಡ್ಡ ಚೌಕ, ಸುತ್ತ ಎಳೆ ಎಳೆ ಗೆರೆಗಳು, ನಟ್ಟನಡುವೆ ಎರಡು ಪುಟ್ಟ ಗೊಂಬೆಗಳು. ಊರಿನ ಮನೆಗಳಲ್ಲಿ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಬರೆಯುತ್ತಾರೆ. ನಾನು ಸಿದ್ದಾಪುರದ ಅಂಗಡಿಯಿಂದ ಆಯಿಲ್ ಪೇಂಟಿನ ಡಬ್ಬ ತಂದೆ. ಇದನ್ನು ಮದುವೆಯಲ್ಲಿ ಬರೆಯುತ್ತಾರೆ ಎಂಬುದು ನನಗೂ ಗೊತ್ತಿತ್ತು. ಆದರೆ ಸಿರ್ಸಿಯ ಹೋಟೆಲ್ ಗೋಡೆಯ ಮೇಲೂ ಕೈಚೀಲದ ಮೇಲೂ ನೋಡಿ ನೋಡಿ, ಅದು ಎಲ್ಲಿ ಬೇಕಾದರೂ ಬರೆಯಬಹುದಾದ ಅಲಂಕಾರ ಎಂದು ತೀರ್ಮಾನಿಸಿಬಿಟ್ಟಿದ್ದೆ.

ಹುಡುಗಿ ಸಂಜೆ ಶಾಲೆ ಬಿಟ್ಟ ಮೇಲೆ ಬಣ್ಣ ಕಲಸಿ ಕೊಡಲು ನಿಲ್ಲುತ್ತಿದ್ದಳು. ಮೂರನೆಯ ದಿನ ನಾನು ನಡುವಿನ ಗೊಂಬೆಗಳಿಗೆ ಗುರುತು ಹಾಕುವಾಗ ಅವಳು ಬ್ರಶ್ಶು ಕೆಳಗಿಟ್ಟಳು.

“ಅಕ್ಕೋರೆ, ಇದು ಮದ್ವೆ ಮನೆ ಹಸೆ. ಇದ್ರ ಮುಂದೆ ಗಂಡು ಹೆಣ್ಣು ಕೂರೂದು. ಕೂತವ್ರೇ ಮದಿಮಕ್ಳು ಅಂತ ಲೆಕ್ಕ. ಇಲ್ಲಿ ಬರದ್ರೆ ಹೆಂಗೆ?”

ನಾನು ಐದು ವರ್ಷ ಚಿತ್ರಕಲೆ ಓದಿದವಳು. ಕಲೆಗೆ ಮನೆ, ಶಾಲೆ ಎಂಬ ಭೇದವಿಲ್ಲ, ಮೂಢನಂಬಿಕೆ ಇಟ್ಟುಕೊಳ್ಳಬಾರದು ಎಂದು ಅವಳಿಗೆ ಒಂದು ಸಣ್ಣ ಭಾಷಣವನ್ನೇ ಮಾಡಿದೆ. ನಡುವಿನ ಗೊಂಬೆ ಎರಡನ್ನಾದರೂ ಬಿಡಬಹುದಲ್ಲವೇ ಎಂದು ಅವಳು ಮೆಲ್ಲಗೆ ಕೇಳಿದಳು. ನಾನು ಅವಕ್ಕೆ ಇನ್ನೊಂದು ಕೋಟು ಬಿಳಿ ಬಳಿದೆ. ಅವಳು ಬ್ರಶ್ಶು ಎತ್ತಿಕೊಂಡು ನಾನು ಹೇಳಿದಲ್ಲಿ ಹೇಳಿದ ಬಣ್ಣ ತುಂಬಿದಳು.

ಅಧಿಕಾರಿಗಳು ಬಂದ ದಿನ ಶಾಲೆ ಕಳೆಕಟ್ಟಿತ್ತು. ನಮ್ಮಲ್ಲಿ ಸಭೆ ನಡೆಯುವುದೇ ಆ ಜಗಲಿಯ ಮೇಲೆ. ಪೋಷಕರನ್ನು ಕರೆಸಿದ್ದರಿಂದ ಅಂಗಳದ ತುಂಬ ಹೆಂಗಸರು, ಮುಂದಿನ ಸಾಲಿನಲ್ಲೇ ಹುಡುಗಿಯ ಅವ್ವ. ಜಗಲಿಯ ಮೇಲೆ ಮುಖ್ಯವಾದ ಎರಡು ಕುರ್ಚಿಗಳನ್ನು ಚಿತ್ತಾರದ ಸರಿಯಾದ ನಡುವಿಗೆ ನಾನೇ ಇಡಿಸಿದ್ದೆ, ಫೋಟೋದಲ್ಲಿ ಚೆಂದ ಕಾಣಲಿ ಎಂದು. ಒಂದರಲ್ಲಿ ಅಧಿಕಾರಿಗಳು, ಇನ್ನೊಂದರಲ್ಲಿ ನಮ್ಮ ಹೆಡ್‌ಮಾಸ್ತರರು. ಇಬ್ಬರೂ ಐವತ್ತು ದಾಟಿದವರು, ಇಬ್ಬರಿಗೂ ಮೀಸೆ. ಅವರು ಕೂತದ್ದೇ ತಡ, ಅಂಗಳದಲ್ಲಿ ಸೆರಗುಗಳು ಒಂದೊಂದಾಗಿ ಬಾಯಿಗೆ ಹೋದವು.

ಅಷ್ಟಕ್ಕೇ ನಿಂತಿದ್ದರೆ ಬದುಕುತ್ತಿದ್ದೆವು. ಹೆಡ್‌ಮಾಸ್ತರರು ಎದ್ದು ಅಧಿಕಾರಿಗಳ ಕೊರಳಿಗೆ ಗುಲಾಬಿ ಹಾರ ಹಾಕಿದರು. ಅಧಿಕಾರಿಗಳು ದೊಡ್ಡ ಮನಸ್ಸಿನವರು. ಹಾರವನ್ನು ತೆಗೆದು, ಇದು ಸಲ್ಲಬೇಕಾದದ್ದು ನಿಮಗೆ ಎಂದು ಹೆಡ್‌ಮಾಸ್ತರರ ಕೊರಳಿಗೇ ಹಾಕಿದರು. ಹೆಡ್‌ಮಾಸ್ತರರು ಬಿಡುವವರೇ, ತಟ್ಟೆಯಲ್ಲಿದ್ದ ಇನ್ನೊಂದು ಹಾರವನ್ನೆತ್ತಿ ಮತ್ತೆ ಅವರಿಗೆ ಹಾಕಿದರು. ಅತಿಥಿಗೆ ಹಾರ ಬಿದ್ದ ಕೂಡಲೇ ಹೂವಿನ ಪಕಳೆ ಎರಚಬೇಕೆಂದು ಮಕ್ಕಳಿಗೆ ವಾರದಿಂದ ತರಬೇತಿ ಕೊಟ್ಟಿದ್ದೆವು. ಅವರು ಚೆನ್ನಾಗಿಯೇ ಎರಚಿದರು. ಹಿಂದಿನಿಂದ ಮುದುಕಿಯೊಬ್ಬಳು ಇನ್ನು ತಡೆಯಲಾರದೆ ಸೋಬಾನೆ ಎತ್ತಿದಳು, ಮದುಮಕ್ಕಳನ್ನು ಹಸೆಗೆ ಕರೆಯುವ ಹಾಡು. ನಾಲ್ಕಾರು ಹೆಂಗಸರು ದನಿಗೂಡಿಸಿದರು. ಅಧಿಕಾರಿಗಳು ಕೈಮುಗಿದು, ಇಷ್ಟು ಚೆಂದದ ಸ್ವಾಗತಗೀತೆಯನ್ನು ಎಲ್ಲೂ ಕೇಳಿಲ್ಲ, ದಯವಿಟ್ಟು ಜೋರಾಗಿ ಹಾಡಿ ಎಂದು ಮೈಕಿನಲ್ಲಿ ಕೇಳಿಕೊಂಡರು. ಹಾಡಿದರು. ಗಣಿತದ ಮಾಸ್ತರರು ನೀರು ಕುಡಿಯುವ ನೆಪದಲ್ಲಿ ಶಾಲೆಯ ಹಿಂದಕ್ಕೆ ಓಡಿದರು. ನನಗೆ ಮಾತ್ರ ನಗು ಬರಲಿಲ್ಲ.

ಹಾಡು ಮುಗಿಯಿತು. ಅಧಿಕಾರಿಗಳು ತಿರುಗಿ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದರು. ಇಂಥ ಕೆಲಸ ನಡೆಯುವ ಶಾಲೆಯಲ್ಲಿ ಚಿತ್ರಕಲೆಯ ಪಾಠ ನಿಲ್ಲಲೇಬಾರದು, ಇದನ್ನು ಶಾಲೆಯ ಭೇಟಿ ಪುಸ್ತಕದಲ್ಲೂ ಬರೆದು ಹೋಗುತ್ತೇನೆ ಎಂದರು. ನಾನು ಉಸಿರು ಬಿಟ್ಟೆ. ಆಮೇಲೆ ಅವರು ಮಕ್ಕಳ ಕಡೆ ತಿರುಗಿದರು.

“ಈ ಚಿತ್ರದ ಅರ್ಥ ಏನು? ಯಾರು ಹೇಳ್ತೀರಿ?”

ಒಂಬತ್ತನೆಯ ತರಗತಿಯ ಸಾಲಿನಲ್ಲಿ ಹುಡುಗಿ ಎದ್ದು ನಿಂತಳು. ಬಹುಶಃ ತನಗೆ ಸರಿಯಾಗಿ ಉತ್ತರ ಗೊತ್ತಿರುವ ಪ್ರಶ್ನೆಯೊಂದನ್ನು ಶಾಲೆಯಲ್ಲಿ ದೊಡ್ಡವರೊಬ್ಬರು ಕೇಳಿದ್ದು ಅವಳಿಗೆ ಅದೇ ಮೊದಲಿರಬೇಕು. ಮುಖ ಅರಳಿತ್ತು. ಬಾಯಿ ತೆರೆಯುವ ಮೊದಲು ನನ್ನ ಕಡೆ ನೋಡಿದಳು.

ಅವಳು ಹೇಳಿದರೆ ಅಧಿಕಾರಿಗಳ ಮರ್ಯಾದೆ ಹೋಗುತ್ತದೆ, ಹೆಡ್‌ಮಾಸ್ತರರದ್ದೂ ಹೋಗುತ್ತದೆ, ಅದರೊಡನೆ ಎರಡು ಅವಧಿಗಳೂ ಅವಳ ಪರೀಕ್ಷೆಯೂ ಹೋಗುತ್ತವೆ ಎಂದು ನಾನು ಎಣಿಸಿದೆ. ನನ್ನ ಮರ್ಯಾದೆಯೂ ಹೋಗುತ್ತದೆ ಎಂಬುದನ್ನು ಆಗ ಎಣಿಸಿರಲಿಲ್ಲ ಎಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ. ನಾನು ಬೇಡ ಎಂದು ತಲೆ ಅಲ್ಲಾಡಿಸಿದೆ. ಎರಡು ಸಲ, ಅವಳಿಗೆ ಕಾಣುವಷ್ಟು ಮಾತ್ರ.

“ಗೊತ್ತಿಲ್ಲ ಸರ್” ಎಂದಳು ಹುಡುಗಿ, ಕೂತಳು.

ಪರವಾಗಿಲ್ಲ, ನಿಮ್ಮ ಟೀಚರು ಕಲಿಸುತ್ತಾರೆ ಎಂದರು ಅಧಿಕಾರಿಗಳು. ಚಪ್ಪಾಳೆಯಾಯಿತು. ಮುಂದಿನ ಸಾಲಿನಲ್ಲಿ ಅವಳ ಅವ್ವ ಅಷ್ಟು ಹೊತ್ತು ಸೆರಗಿನಲ್ಲಿ ನಗುತ್ತಿದ್ದವಳು ಸೆರಗು ಕೆಳಗಿಳಿಸಿ ಮಗಳನ್ನು ನೋಡಿದಳು, ಆಮೇಲೆ ನನ್ನನ್ನು. ಊರಿನ ಎಷ್ಟೋ ಮದುವೆಗಳಿಗೆ ಹಸೆ ಬರೆದ ಹೆಂಗಸು ಅವಳು. ನನಗೆ ಅಲ್ಲೇ ಜಗಲಿ ಬಿಟ್ಟು ಹೋಗಿಬಿಡೋಣ ಅನ್ನಿಸುವಷ್ಟು ನಾಚಿಕೆಯಾಯಿತು. ಹೋಗಲಿಲ್ಲ, ವಂದನಾರ್ಪಣೆ ನನ್ನದೇ ಇತ್ತು.

ಹೆಡ್‌ಮಾಸ್ತರರು ಮಾತಿಗೆ ತಪ್ಪಲಿಲ್ಲ. ಮರುದಿನವೇ ವೇಳಾಪಟ್ಟಿಯ ಬಿಳಿ ಚೀಟಿಗಳನ್ನು ತಾವೇ ಕಿತ್ತರು. ಹಸೆಯ ವಿಷಯ ಅವರ ಕಿವಿಗೆ ಇಂದಿಗೂ ಬಿದ್ದಿಲ್ಲ. ಅಧಿಕಾರಿಗಳ ಜೊತೆ ಹಾರ ಹಾಕಿಕೊಂಡು ಕೂತ ಫೋಟೋ ಅವರ ಮೇಜಿನ ಗಾಜಿನಡಿ ಇದೆ. ಹುಡುಗಿಯ ಅಪ್ಪ ಪರೀಕ್ಷೆಯ ಅರ್ಜಿಗೆ ಸಹಿ ಹಾಕಿ ಕಳಿಸಿದ.

ಸೋಮವಾರ ಮೊದಲ ಅವಧಿ. ಗುಡ್ಡವೂ ಬೇಡ, ಸೂರ್ಯನೂ ಬೇಡ ಎಂದು ನಾನು ಹಿಂದಿನ ದಿನವೇ ನಿಶ್ಚಯಿಸಿಕೊಂಡಿದ್ದೆ. ತರಗತಿಯನ್ನು ಪೂರ್ತಿ ಜಗಲಿಗೆ ಕರೆದುಕೊಂಡು ಬಂದು ಗೋಡೆಯ ಎದುರು ಕೂರಿಸಿದೆ. ಈ ಚಿತ್ರ ಬರೆಯುವಾಗ ನಾನೊಂದು ತಪ್ಪು ಮಾಡಿದ್ದೇನೆ, ಅದು ನನಗಿಂತ ಚೆನ್ನಾಗಿ ಗೊತ್ತಿರುವವಳು ನಿಮ್ಮಲ್ಲೇ ಒಬ್ಬಳಿದ್ದಾಳೆ, ಇವತ್ತಿನ ಪಾಠ ಅವಳದ್ದು ಎಂದೆ. ಹುಡುಗಿಯನ್ನು ಮುಂದೆ ಕರೆದು, ಇದು ಏನು, ಇದರ ಮುಂದೆ ಯಾರು ಕೂರುತ್ತಾರೆ, ಎಲ್ಲರಿಗೂ ಹೇಳು ಎಂದೆ.

ಅವಳು ಬಂದು ನಿಂತಳು. ಗೋಡೆಯನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು.

“ಗೊತ್ತಿಲ್ಲ ಅಕ್ಕೋರೆ” ಎಂದಳು.

ಈ ಸಲ ನಾನು ತಲೆ ಅಲ್ಲಾಡಿಸಿರಲಿಲ್ಲ.