ಆನೆಬೆನ್ನಿನ ಮೇಲಿನ ಕೂಗು

ಮೊನ್ನೆ ಬೈಲಕುಪ್ಪೆಯ ಅಂಗಡಿಯೊಂದರಲ್ಲಿ ಟೀ ಕುಡಿಯಲು ಕೂತಿದ್ದೆ. ಲೋಟ ಬಾಯಿಯ ಹತ್ತಿರ ಬಂದಾಗ ಮಜ್ಜಿಗೆ ಹುಲ್ಲಿನ ನಿಂಬೆಯಂಥ ವಾಸನೆ ಹೊಡೆಯಿತು. ಟೀಗೆ ಆ ಹುಲ್ಲು ಹಾಕುವುದು ಈಗ ಎಲ್ಲ ಕಡೆ ಇದೆ. ನಾನು ಮಾತ್ರ ಲೋಟವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ಹನ್ನೆರಡು ವರ್ಷದ ಹಿಂದೆ ಒಂದು ಮಾಗಿಯ ಬೆಳಿಗ್ಗೆ ಇದೇ ಹುಲ್ಲನ್ನು ಎರಡೂ ಮುಷ್ಟಿಯಲ್ಲಿ ಹಿಡಿದು, ಬಂಡೆಗೆ ಕೆನ್ನೆ ಒತ್ತಿಕೊಂಡು ಮಲಗಿದ್ದೆ...

ಆಗ ನಾನು ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ನನ್ನೂರು ಕೆ.ಆರ್. ನಗರದ ಕಡೆ. ಅಲ್ಲಿ ಗದ್ದೆಯ ಮೇಲೆ ಎತ್ತರದ್ದು ಎಂದರೆ ತೆಂಗಿನಮರ, ಅಷ್ಟೆ. ಹಾಗಾಗಿ ಬಾಡಿಗೆ ಮನೆಯ ಹಿತ್ತಲಿನಿಂದಲೇ ಏಳುತ್ತಿದ್ದ ಬೆಟ್ಟ ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಅದರ ನೆತ್ತಿಯುದ್ದಕ್ಕೂ ಬರಿಬಂಡೆಯ ಏಣು. ಊರವರು ಆನೆಬೆನ್ನು ಅನ್ನುತ್ತಿದ್ದರು. ಒಂದು ತುದಿಯಲ್ಲಿ ಹತ್ತಿ, ಆ ಬೆನ್ನಿನ ಮೇಲೆಯೇ ಹೋಗಿ, ಇನ್ನೊಂದು ತುದಿಯಲ್ಲಿ ಇಳಿಯಬೇಕು, ಒಬ್ಬಳೇ. ಅದೊಂದು ಹುಚ್ಚು.

ಪಕ್ಕದ ಮನೆಯ ಅವ್ವ ಮೂವತ್ತು ವರ್ಷ ಆ ಬೆಟ್ಟದಲ್ಲಿ ಆಡು ಮೇಯಿಸಿದವರು. ಅವರ ಮುಖ ಬರೆಯಲು ಹೋದರೆ ಬೇರೆ ಯಾರ್ಯಾರದೋ ಅಜ್ಜಿಯರ ಮುಖ ಬಂದು ಸೇರಿಕೊಳ್ಳುತ್ತದೆ. ಬರೆಯುವುದಿಲ್ಲ. ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ, ಅದು ಖಂಡಿತ. ಶನಿವಾರ ಸಂಜೆ ನನ್ನ ಹುಚ್ಚನ್ನು ಅವರಿಗೆ ಹೇಳಿದೆ.

"ಒಬ್ರೇನಾ? ಮಕ್ಳಿಗೆ ಬುದ್ದಿ ಏಳೋ ಮೇಡಮ್ಮುಂಗೆ ಬುದ್ದಿ ಏಳೋರ್ಯಾರು?" ಅಂದರು. "ಮಾಗಿ ಮಂಜು ಕಣ್ ಮೇಡಮ್ಮ, ನಮ್ ಆಡೇ ದಾರಿ ತಪ್ತವೆ. ಯುಗಾದಿ ಕಳೀಲಿ ಬುಡಿ. ಬೆಟ್ಟ ಏನ್ ಓಡೋದದಾ?"

ನಾನು ನಕ್ಕೆ. ಅವರು ನಗಲಿಲ್ಲ.

"ಓಗೋದೇ ಆದ್ರೆ ಒಂದ್ ಗ್ಯಾನ ಇರ್ಲಿ. ಮ್ಯಾಲೆ ಯಾರಾರ ಕೂಗುದ್ರೆ, ಮೂರ್ ಸಲ ಆಗೋಗಂಟ 'ಓ' ಅನ್ಬ್ಯಾಡಿ. ಅದು ಎಲ್ಡೇ ಸಲ ಕೂಗೋದು. ಮೂರ್ನೇ ಸಲ ಕೂಗೋದು ಮನುಸ್ರು ಮಾತ್ರ."

"ಅದು ಅಂದ್ರೆ ಯಾವುದವ್ವ?"

"ಎಸ್ರೇಳುದ್ರೆ ಬಂದ್ಬುಡ್ತದೆ, ಸುಮ್ಕಿರಿ."

ಬೆಳಕು ಹರಿಯುವಾಗ ಹತ್ತಲು ಶುರುಮಾಡಿದೆ. ಮೊದಲರ್ಧ ಚೆನ್ನಾಗಿತ್ತು. ಪಡುವಲಲ್ಲಿ ಕೊಡಗಿನ ಬೆಟ್ಟಗಳ ನೀಲಿ, ಕೆಳಗೆ ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗಳಿಂದ ನೆಟ್ಟಗೆ ಏಳುವ ಹೊಗೆ, ದೂರದಲ್ಲಿ ಟಿಬೆಟನ್ ಗುಡಿಯ ಚಿನ್ನದ ಬಣ್ಣದ ಚಾವಣಿ... ಆ ಚಾವಣಿ ನಿಜವಾಗಿ ಅಲ್ಲಿಂದ ಕಾಣುತ್ತಿತ್ತೋ, ಆಮೇಲೆ ನಾನೇ ತಂದು ಅಲ್ಲಿಟ್ಟೆನೋ ಗೊತ್ತಿಲ್ಲ.

ಏಣಿನ ನಡುವೆ ಇದ್ದಾಗ ಮಂಜು ಬಂತು. ಮೇಲಿನಿಂದ ಇಳಿಯಲಿಲ್ಲ, ಎರಡೂ ಕಡೆಯ ಇಳಿಜಾರಿನಿಂದ ಏರಿತು. ನನ್ನ ಪಾದ ನನಗೇ ಕಾಣದಂತಾಯಿತು. ಇಬ್ಬನಿಗೆ ಬಂಡೆ ಸೋಪಿನಂತೆ ಜಾರುತ್ತಿತ್ತು. ನಡೆಯುವುದನ್ನು ಬಿಟ್ಟು ಕೂತೆ. ಕೂರಲೂ ಭಯವಾಗಿ ಏಣಿನ ಆಚೆಗೊಂದು ಈಚೆಗೊಂದು ಕಾಲು ಇಳಿಬಿಟ್ಟು ತೆವಳಿದೆ. ಕಾಲಿಗೆ ಏನೂ ತಾಗಲಿಲ್ಲ. ಕೈಗೆ ಸಿಕ್ಕ ಕಲ್ಲೊಂದು ಜಾರಿ ಹೋಯಿತು. ಅದು ಬಿದ್ದ ಸದ್ದಿಗಾಗಿ ಕಾದೆ, ಬರಲಿಲ್ಲ. ಬಂಡೆಯ ಬಿರುಕಿನಲ್ಲಿ ಆ ಹುಲ್ಲಿನ ಬುಡ ಸಿಕ್ಕಿದ್ದು ಆಗ. ಹಿಡಿದು ಬೋರಲು ಮಲಗಿಬಿಟ್ಟೆ.

"ಮೇಡಮ್ಮೋ..."

ಕೂಗು ಎಡಗಡೆಯಿಂದ ಬಂತು. ಆ ಕಡೆ ನೆಲವೇ ಇರಲಿಲ್ಲ. ಮಂಜಿನಲ್ಲಿ ದನಿ ದಿಕ್ಕು ತಪ್ಪುತ್ತದೆ ಎಂದು ಮಕ್ಕಳಿಗೆ ಪಾಠ ಮಾಡಿದವಳು ನಾನು. ಆ ಹೊತ್ತು ಪಾಠ ನೆನಪಾಗಲಿಲ್ಲ. ಅವ್ವನ ಮಾತು ನೆನಪಾಯಿತು. ಒಂದು, ಎಂದು ಎಣಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ, ಇನ್ನೂ ಹತ್ತಿರ, "ಮೇಡಮ್ಮೋ..." ಎರಡು. ಹಲ್ಲು ಕಟಕಟ ಅನ್ನುವುದು ಹೊರಗೆ ಕೇಳಿಸೀತೆಂದು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಸೆರಗೋ, ದುಪಟ್ಟಾವೋ. ಸೀರೆಯುಟ್ಟು ಬೆಟ್ಟ ಹತ್ತಿರಲಾರೆ.

ಮೂರನೆಯದು ಬರಲಿಲ್ಲ. ವರ್ಷಗಟ್ಟಲೆ ಹಾಗೆಂದೇ ನನಗೆ ನಾನು ಹೇಳಿಕೊಂಡು ಬಂದೆ.

ಬಿಸಿಲೇರಿ ಮಂಜು ಹರಿದ ಮೇಲೆ ಆಚೆ ತುದಿಯಲ್ಲಿ ಇಳಿದು, ರಸ್ತೆ ಸುತ್ತಿ ಮಧ್ಯಾಹ್ನಕ್ಕೆ ಮನೆಗೆ ಬಂದರೆ ಪಕ್ಕದ ಜಗಲಿಯ ಮುಂದೆ ಜನ. ಅವ್ವನನ್ನು ಚಾಪೆಯ ಮೇಲೆ ಮಲಗಿಸಿದ್ದರು. ಬಲಗಾಲು ತೊಡೆಯಿಂದ ಕೆಳಗೆ ತಿರುಗಬಾರದ ಕಡೆ ತಿರುಗಿತ್ತು. ಬೆಳಿಗ್ಗೆ ನನ್ನ ಬಾಗಿಲ ಬೀಗ ನೋಡಿ, ಮಂಜು ನೋಡಿ, ಬೆಟ್ಟಕ್ಕೆ ಹೊರಟವರು ಏಣಿನ ಕೆಳಗೆ ಜಾರಿ ಬಿದ್ದಿದ್ದರು. ಇದು ನನಗೆ ಒಬ್ಬಳಿಗೇ ಅರ್ಥವಾಯಿತು.

"ಅಲ್ಲ ಕಣವ್ವ, ಆಡೆಲ್ಲ ದೊಡ್ಡೀಲೇ ಅವೆ," ಅಂದ ಅವರನ್ನು ಹೊತ್ತು ತಂದ ಹುಡುಗರಲ್ಲೊಬ್ಬ. "ಯಾವ್ ಆಡ್ ಉಡೀಕ್ಕೊಂಡ್ ಓಗಿದ್ದೆ?"

"ಒಂದ್ ತಪ್ಪುಸ್ಕೊಂಡಿತ್ತು ಕಣ್ಲಾ." ಅವ್ವ ನನ್ನ ಕಡೆ ನೋಡಲಿಲ್ಲ. "ವಾಪಸ್ ಬಂತಲ್ಲ, ಬುಡು."

ನಾನು ಬಾಯಿ ಬಿಡಲಿಲ್ಲ. ಆಸ್ಪತ್ರೆಗೆ ಜೊತೆಗೆ ಹೋದೆ, ಸಾರು ಮಾಡಿಕೊಟ್ಟೆ. ಕೇಳಿಸಲಿಲ್ವಾ ಮೇಡಮ್ಮ ಎಂದು ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ದಿನವೂ ಕಾದೆ. ಕೇಳಲಿಲ್ಲ. ಮುಂದಿನ ವರ್ಷ ಎಚ್.ಡಿ. ಕೋಟೆಗೆ ವರ್ಗವಾದಾಗ ನನಗಾದದ್ದು ಬಿಡುಗಡೆ, ದುಃಖವಲ್ಲ.

ಆದರೆ ಎರಡಕ್ಕೇ ನಿಂತ ಕೂಗು ಒಳಗೆ ಕೊರೆಯುತ್ತಿತ್ತು. ಆ ಕಟ್ಟಳೆ ಹೇಳಿಕೊಟ್ಟವರೇ ಎರಡಕ್ಕೆ ನಿಲ್ಲಿಸುತ್ತಾರೆಯೆ? ಬಹುಶಃ ಅಷ್ಟರಲ್ಲಿ ಬಿದ್ದಿರಬೇಕು ಎಂದುಕೊಂಡೆ. ಆ ಸಮಾಧಾನವೂ ನಿಲ್ಲಲಿಲ್ಲ. ಯಾಕೆಂದರೆ ನನಗೆ ಇನ್ನೊಂದು ನೆನಪಿದೆ. ಅವ್ವನ ದನಿಯಲ್ಲಿ ನನ್ನ ಹೆಸರು. ಮೇಡಮ್ಮ ಅಲ್ಲ, ಹೆಸರು, ಕೊನೆಯಕ್ಷರ ಎಳೆದು. ಪಕ್ಕದಲ್ಲಿದ್ದ ಮೂರು ವರ್ಷದಲ್ಲಿ ಅವರು ಒಂದು ದಿನವೂ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ಹಾಗಾದರೆ ಅದನ್ನು ನಾನು ಎಲ್ಲಿ ಕೇಳಿದೆ? ನನ್ನ ಯಾವ ನೆನಪನ್ನೂ ನಾನು ನಂಬುವುದಿಲ್ಲ. ಇದನ್ನು ಮಾತ್ರ ಅಲ್ಲಗಳೆಯಲು ಆಗಲಿಲ್ಲ. ಮೂರನೆಯ ಕೂಗು ಬಂದಿತ್ತು. ಮನುಷ್ಯರದೇ ಎಂದು ಗೊತ್ತಾದ ಮೇಲೂ ನಾನು ಓ ಅನ್ನಲಿಲ್ಲ.

ಟೀ ಅರ್ಧಕ್ಕೆ ಬಿಟ್ಟು, ಬಸ್ ಹಿಡಿದು ಆ ಊರಿಗೆ ಹೋದೆ. ಜಗಲಿಯ ಮೇಲೆ ಅವ್ವನ ಸೊಸೆ ಅವರೆಕಾಯಿ ಸುಲಿಯುತ್ತಿದ್ದಳು. ನಾನು ವರ್ಗವಾದ ಮೇಲೆ ಆ ಮನೆಗೆ ಬಂದವಳು. ಇಲ್ಲಿ ಟೀಚರ್ ಆಗಿದ್ದೆ, ಪಕ್ಕದ ಮನೆಯಲ್ಲೇ ಇದ್ದೆ ಎಂದಾಗ ಎದ್ದು ಚಾಪೆ ಹಾಕಿದಳು.

"ನಮ್ಮತ್ತೆ ಕಾರ್ತೀಕದಲ್ಲೇ ಓಗ್ಬುಟ್ರು ಮೇಡಮ್ಮ. ನಿಮ್ ಸುದ್ದಿ ಏಳ್ತಿದ್ರು." ಮತ್ತೆ ಸುಲಿಯುತ್ತ ನಕ್ಕಳು. "ಕೊನೇಗಂಟ ಕೋಲಿಡ್ದೇ ನಡುದ್ರು. ಒಂದ್ ಆಡ್ಗೋಸ್ಕರ ಕಾಲ್ ಕಳ್ಕಂಡ್ರಲ್ಲ ಅಂತ ನಾವೆಲ್ಲ ರೇಗುಸ್ತಿದ್ವಿ. ಅವ್ರೂ ನಗೋರು."

ಅಲ್ಲಿಗೇ ಬಿಟ್ಟು ಎದ್ದು ಬರಬಹುದಿತ್ತು. ಕೇಳಬೇಕಾದವರು ಇರಲಿಲ್ಲ.

"ಆಡಲ್ಲಮ್ಮ," ಅಂದೆ. "ನನ್ನ ಹುಡುಕಿಕೊಂಡು ಬಂದಿದ್ರು. ಕೂಗಿದ್ದು ನನಗೆ ಕೇಳಿಸಿತ್ತು. ಮೂರು ಸಲವೂ."

ಅವಳು ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಮೊದ್ಲಿಂದ ಏಳಿ," ಅಂದಳು. ಈ ಸಲ ಮೇಡಮ್ಮ ಅನ್ನಲಿಲ್ಲ.